ಕಡಲೂರಿನ ಗ್ಯಾರೇಜು

ಅರವತ್ತು ದಾಟಿದವರು ಕಡಲೂರು ಸೇರಿದರೆಂದರೆ ಇನ್ನು ವಿಶ್ರಾಂತಿಯೇ ಎಂದುಕೊಳ್ಳುತ್ತೇವೆ. ಛಾಯಾಗ್ರಾಹಕ ಹೆಲ್ಮುಟ್ ನ್ಯೂಟನ್ 1981ರಲ್ಲಿ ಪ್ಯಾರಿಸ್ ಬಿಟ್ಟು ಮೊನಾಕೊದ ಮಾಂಟೆ ಕಾರ್ಲೋಗೆ ಬಂದಾಗ ಅವರಿಗೆ ಅಷ್ಟೇ ವಯಸ್ಸು. ವೋಗ್ ಪತ್ರಿಕೆಯ ಫ್ಯಾಷನ್ ಪುಟಗಳಿಂದ ಹೆಸರು, ಹಣ ಎರಡೂ ಬಂದಿದ್ದವು. ಸುಮಾರು 2 ಚದರ ಕಿಲೋಮೀಟರಿನ ಮೊನಾಕೊದಲ್ಲಿ ಕ್ಯಾಸಿನೊ ಉಂಟು, ಸಿರಿವಂತರ ವಿಹಾರನೌಕೆಗಳುಂಟು, ಆದಾಯ ತೆರಿಗೆಯ ಕಾಟವಿಲ್ಲ. ಇನ್ನೇನು ಬೇಕು?

ನ್ಯೂಟನ್‌ಗೆ ಬೇಕಾದದ್ದು ಗ್ಯಾರೇಜು. ದುಬಾರಿ ಉಡುಪು ತೊಟ್ಟ ರೂಪದರ್ಶಿಯರನ್ನು ಅವರು ತಮ್ಮದೇ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗಕ್ಕೆ ಕರೆದೊಯ್ದು, ಬೋಳು ಕಾಂಕ್ರೀಟ್ ಗೋಡೆಯ ಮುಂದೆ ನಿಲ್ಲಿಸಿದರು. ಅರ್ಧ ಕಟ್ಟಿದ ಕಟ್ಟಡಗಳೂ ಅವರಿಗೆ ಸ್ಟುಡಿಯೋ ಆದವು. ಪ್ರವಾಸಿ ಕಾರ್ಡುಗಳ ನೀಲಿ ಕಡಲಿಗಿಂತ ಆ ಸಿಮೆಂಟೇ ಮೊನಾಕೊದ ನಿಜ ಹೇಳುತ್ತದೆಂದು ನನಗನ್ನಿಸುತ್ತದೆ: ಇಷ್ಟು ಚಿಕ್ಕ ನೆಲದಲ್ಲಿ ಇಷ್ಟೊಂದು ಹಣ ತುಂಬಿದರೆ ಏಳುವುದು ಅದೇ ತಾನೆ.

ಬೆಡಗನ್ನು ಅಷ್ಟು ಸುಲಭವಾಗಿ ನಂಬದ ಕಣ್ಣು ಅದು. ಬರ್ಲಿನ್ನಿನ ಯಹೂದಿ ಮನೆಯ ಹುಡುಗ, ಹದಿಹರೆಯದಲ್ಲಿ ಈವಾ ಎಂಬ ಛಾಯಾಗ್ರಾಹಕಿಯ ಬಳಿ ಕೆಲಸ ಕಲಿತವನು, 1938ರ ಡಿಸೆಂಬರಿನಲ್ಲಿ ಊರು ಬಿಟ್ಟು ಓಡಬೇಕಾಯಿತು. ಈವಾ ಅಲ್ಲೇ ಉಳಿದರು. ನಾಜಿಗಳು ಅವರನ್ನು ಕೊಂದರು.

ಹಾಗೆಂದು ನ್ಯೂಟನ್‌ರ ಎಲ್ಲ ಚಿತ್ರಗಳನ್ನೂ ಒಪ್ಪಲಾಗದು. ಲೇಖಕಿ ಸೂಸನ್ ಸೊಂಟಾಗ್ ಫ್ರೆಂಚ್ ಟೀವಿ ಸಂವಾದವೊಂದರಲ್ಲಿ, ಅವರೆದುರೇ, ಈ ಚಿತ್ರಗಳು ಸ್ತ್ರೀದ್ವೇಷದವು ಎಂದಿದ್ದರು. ಆ ಮಾತಿಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಪೊಲೀಸರು ಉಗ್ರರ ಪತ್ತೆಗೆ ಬಳಸುತ್ತಿದ್ದ ಆಳೆತ್ತರದ ಫೋಟೋಗಳಿಂದ ಹೊಳೆದ 'ಬಿಗ್ ನ್ಯೂಡ್ಸ್' ಸರಣಿಯ ಹೆಂಗಸರು ನೋಡುವವನನ್ನೇ ಬೆದರಿಸುವಂತೆ ನಿಂತಿದ್ದಾರೆ, ನಿಜ. ಆದರೆ ಹಾಗೆ ನಿಲ್ಲಿಸಿದವನು ಗಂಡಸೇ. ಅವರ ಪತ್ನಿ ಜೂನ್, ಆಲಿಸ್ ಸ್ಪ್ರಿಂಗ್ಸ್ ಎಂಬ ಹೆಸರಿನಲ್ಲಿ ತೆಗೆದ ಮುಖಚಿತ್ರಗಳ ಮುಂದೆ ಗಂಡನ ಚಿತ್ರಗಳು ಕೆಲವೊಮ್ಮೆ ತೋರಿಕೆಯೆನಿಸುತ್ತವೆ.

'ಬಿಗ್ ನ್ಯೂಡ್ಸ್' ಚಿತ್ರಗಳನ್ನು ಈ ಸಂಚಿಕೆಯಲ್ಲಿ ಅಚ್ಚು ಹಾಕಿಲ್ಲ. ಅಂಜಿಕೆಯಿಂದಲ್ಲ, ಆಳೆತ್ತರದ ಚಿತ್ರವನ್ನು ಅಂಗೈಯಗಲಕ್ಕೆ ಇಳಿಸಿದರೆ ಅದು ಬೇರೆಯೇ ಆಗಿಬಿಡುತ್ತದೆ. ಒಳಪುಟದ ಲೇಖನ ಓದಿ. ಒಪ್ಪದವರು ಜಗಳಕ್ಕೆ ಬನ್ನಿ; ಮುಂದಿನ ಸಂಚಿಕೆಯಲ್ಲಿ ನಿಮ್ಮ ಪತ್ರಗಳಿಗೆ ಎರಡು ಪುಟ ಕಾದಿರಿಸಿದ್ದೇವೆ.