ಹಳೆಯ ಟ್ಯಾಂಕಿಗೆ ಬಿಡಿಭಾಗಗಳನ್ನು ಎಲ್ಲಿ ಹುಡುಕೋಣ?

ಈಚೆಗೆ ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಲ್ಲಿ ಕೆಲವು ವಿದ್ಯಾರ್ಥಿಗಳೊಡನೆ ಮಾತನಾಡುವ ಸಂದರ್ಭ ನಮಗೆ ಒದಗಿತು. ಅವರು ಪ್ರವಾಸಕ್ಕೆಂದು ಮಡಿಕೇರಿಗೆ ಹೋಗಿ, ಜನರಲ್ ತಿಮ್ಮಯ್ಯನವರ ಮನೆಯಾಗಿದ್ದ ‘ಸನ್ನಿ ಸೈಡ್’ ಅನ್ನು ನೋಡಿಕೊಂಡು ಬಂದಿದ್ದರು. 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲ್ಪಟ್ಟ ಆ ಮನೆಯ ಆವರಣದಲ್ಲಿ ಯುದ್ಧದ ಟ್ಯಾಂಕೊಂದು ನಿಂತಿದೆ. ಅದನ್ನು ನೆನೆದು ಒಬ್ಬ ಹುಡುಗನು, “ಅಂಥಾದ್ದನ್ನ ಮತ್ತೆ ಓಡಿಸಬಹುದಾ ಸಾರ್? ಕೆಟ್ಟುಹೋದ ಸಾಮಾನು ಎಲ್ಲಿ ಸಿಗುತ್ತೆ?” ಎಂದು ಕೇಳಿದನು. ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ.

ಕೆರೆಯನ್ನೇ ಹೆಸರಿನಲ್ಲಿ ಹೊತ್ತ ಊರಿನಲ್ಲಿ ಈ ಪ್ರಶ್ನೆ ಎದ್ದುದು ನಮಗೆ ಸ್ವಾರಸ್ಯವಾಗಿ ತೋರಿತು. ಇಂಗ್ಲಿಷಿನ ಹಳೆಯ ದಾಖಲೆಗಳಲ್ಲಿ ನಮ್ಮ ಕೆರೆಗಳಿಗೂ ‘ಟ್ಯಾಂಕ್’ ಎಂದೇ ಹೆಸರು. ಯುದ್ಧಯಂತ್ರಕ್ಕೆ ಆ ಹೆಸರು ಬಂದುದೂ ನೀರಿನ ನೆಪದಿಂದಲೇ. 1915ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಅದರ ಮೊದಲ ಮಾದರಿ ಸಿದ್ಧವಾಗುತ್ತಿದ್ದಾಗ, ಗುಟ್ಟು ಹೊರಬೀಳದಿರಲೆಂದು ಅದನ್ನು ನೀರಿನ ತೊಟ್ಟಿಯೆಂದು ಕರೆದರು. 1916ರ ಸೆಪ್ಟೆಂಬರ್ 15ರಂದು ಟ್ಯಾಂಕು ಫ್ರಾನ್ಸಿನ ರಣಭೂಮಿಗೆ ಇಳಿಯಿತು. ಗುಟ್ಟು ಬಯಲಾಯಿತು, ಹೆಸರು ಮಾತ್ರ ಉಳಿಯಿತು.

ದೂರದಿಂದ ಟ್ಯಾಂಕು ಒಂದೇ ಗಟ್ಟಿ ಉಕ್ಕಿನ ಗುಡ್ಡದಂತೆ ಕಾಣುವುದು. ವಾಸ್ತವವಾಗಿ ಅದು ಸಾವಿರಾರು ಬಿಡಿಭಾಗಗಳ ಕೂಟ. ಈ ಸತ್ಯವನ್ನು ರಣರಂಗದಲ್ಲೇ ಬಳಸಿಕೊಂಡವರು ತಿಮ್ಮಯ್ಯನವರು. 1948ರಲ್ಲಿ ಕಾಶ್ಮೀರದ ಜೋಜಿ ಲಾ ಕಣಿವೆಯನ್ನು ಭೇದಿಸಲು ಅವರು 7ನೇ ಲಘು ಅಶ್ವದಳದ ಸ್ಟುವರ್ಟ್ ಟ್ಯಾಂಕುಗಳನ್ನು ತರಿಸಿದರು. ದಾರಿಯ ದುರ್ಬಲ ಸೇತುವೆಗಳನ್ನು ದಾಟಿಸಲು ಟ್ಯಾಂಕುಗಳ ಮೇಲಿನ ಗೋಪುರಗಳನ್ನು ಕಳಚಿ ಬೇರೆಯಾಗಿ ಸಾಗಿಸಿ, ಮುಂದೆ ಮತ್ತೆ ಜೋಡಿಸಲಾಯಿತು. ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದರಾಸು ಸ್ಯಾಪರ್ಸ್ ದಳದವರು ಬೆಟ್ಟದ ಹಾದಿಯನ್ನು ಅಗಲಗೊಳಿಸಿದರು. ಆ ವರ್ಷದ ನವೆಂಬರ್ 1ರಂದು, 11,500 ಅಡಿಗೂ ಮೇಲಿನ ಎತ್ತರದಲ್ಲಿ, ಯಾರೂ ನಿರೀಕ್ಷಿಸದಿದ್ದ ಟ್ಯಾಂಕುಗಳು ಶತ್ರುವಿನ ಎದುರು ನಿಂತವು. ಕಳಚಿದ್ದನ್ನು ಸರಿಯಾಗಿ ಜೋಡಿಸಬಲ್ಲ ಕೈಗಳಿದ್ದುದರಿಂದಲೇ ಇದು ಸಾಧ್ಯವಾಯಿತು.

ಹಾಗಾದರೆ ಹಳೆಯ ಟ್ಯಾಂಕಿಗೆ ಭಾಗಗಳನ್ನು ಹುಡುಕುವುದೆಂದರೆ ಗುಜರಿ ಅಂಗಡಿಗಳನ್ನು ಅಲೆಯುವುದೆ? ಅದೂ ಒಂದು ಕೆಲಸ, ಆದರೆ ಮೊದಲ ಕೆಲಸವಲ್ಲ. ಏನನ್ನು ಹುಡುಕುತ್ತಿದ್ದೇವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಎರಡನೆಯ ಮಹಾಯುದ್ಧದ ಅಮೆರಿಕದ ಶರ್ಮನ್ ಟ್ಯಾಂಕನ್ನು ನೋಡಿರಿ. 1965ರ ಯುದ್ಧದಲ್ಲಿ ನಮ್ಮ ಸೈನ್ಯವೂ ಅದನ್ನು ಬಳಸಿದ್ದಿತು. ಹೆಸರು ಒಂದೇ ಆದರೂ ಕೆಲವು ಶರ್ಮನ್‌ಗಳಲ್ಲಿ ವಿಮಾನದ ಎಂಜಿನು, ಕೆಲವುಗಳಲ್ಲಿ ಜೋಡಿ ಡೀಸೆಲ್ ಎಂಜಿನು, ಇನ್ನು ಕೆಲವುಗಳಲ್ಲಿ ಫೋರ್ಡ್ ಕಂಪನಿಯ ಎಂಟು ಸಿಲಿಂಡರಿನ ಎಂಜಿನು. ಒಂದು ಬಗೆಯಲ್ಲಂತೂ ಐದು ಕಾರುಗಳ ಎಂಜಿನುಗಳನ್ನು ಒಟ್ಟುಗೂಡಿಸಿ ಮೂವತ್ತು ಸಿಲಿಂಡರುಗಳ ಒಂದೇ ಯಂತ್ರವನ್ನಾಗಿ ಮಾಡಿದ್ದರು. ‘ಶರ್ಮನ್ನಿನ ಪಿಸ್ಟನ್ ಬೇಕು’ ಎಂದಷ್ಟೇ ಹೇಳಿ ಹುಡುಕ ಹೊರಟವನಿಗೆ ಯಾರ ಪಿಸ್ಟನ್ ಸಿಕ್ಕೀತು? ಎಂಜಿನಿನ ಮೇಲೆ ಒತ್ತಿದ ಸಂಖ್ಯೆ, ತಯಾರಕರ ಕೈಪಿಡಿ, ಭಾಗಗಳ ಪಟ್ಟಿ, ಇವು ಸಿಕ್ಕಿದ ಮೇಲಷ್ಟೇ ಹುಡುಕಾಟಕ್ಕೆ ಅರ್ಥ ಬರುವುದು.

ಎಲ್ಲಿಯೂ ಸಿಗದ ಭಾಗವನ್ನು ಹೊಸದಾಗಿ ಮಾಡಿಸಬೇಕಾಗುವುದು. ಹಳೆಯದನ್ನೇ ಅಚ್ಚಾಗಿ ಬಳಸಿ ಎರಕ ಹೊಯ್ದರಾಯಿತೆಂದು ಹಲವರು ಭಾವಿಸುತ್ತಾರೆ. ಇಲ್ಲಿ ಭೌತವಿಜ್ಞಾನವು ಅಡ್ಡ ನಿಲ್ಲುತ್ತದೆ. ಕರಗಿದ ಎರಕದ ಕಬ್ಬಿಣವು ಗಟ್ಟಿಯಾಗಿ ತಣಿಯುವಾಗ ಸುಮಾರು ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುವುದು. 300 ಮಿಲಿಮೀಟರ್ ಉದ್ದದ ಭಾಗವನ್ನೇ ಅಚ್ಚಾಗಿಟ್ಟರೆ ಬರುವ ಎರಕ ಸುಮಾರು 297 ಮಿಲಿಮೀಟರ್. ಅದೂ ಅಲ್ಲದೆ ಹಳೆಯ ಭಾಗ ಸವೆದಿರುತ್ತದೆ. ಅದನ್ನು ಅಳೆದಾಗ ನಮಗೆ ದೊರೆಯುವುದು ಸವೆತದ ಅಳತೆ, ಮೂಲ ಶಿಲ್ಪಿಯ ಅಳತೆಯಲ್ಲ. ತೊಂಬತ್ತು ಕೊಂಡಿಗಳ ಪಟ್ಟಿಯ ಒಂದೊಂದು ಕೀಲೂ ಒಂದೊಂದು ಮಿಲಿಮೀಟರ್ ಸವೆದರೆ, ಇಡೀ ಪಟ್ಟಿ 90 ಮಿಲಿಮೀಟರ್ ಉದ್ದವಾಗಿ ಚಕ್ರದಿಂದ ಜಾರುವ ಸ್ಥಿತಿಗೆ ಬರುವುದು. ರಬ್ಬರಿನದು ಇನ್ನೂ ಕಷ್ಟ. ಬಳಸದೆ ಇಟ್ಟರೂ ಗಾಳಿಯ ಆಮ್ಲಜನಕ ಮತ್ತು ಓಜೋನ್‌ಗಳ ಸೋಂಕಿನಿಂದ ಅದು ಬಿರಿಯುತ್ತದೆ. ಆದುದರಿಂದ ಉಗ್ರಾಣದಲ್ಲಿ ಹೊಚ್ಚಹೊಸದಾಗಿ ಉಳಿದಿದ್ದ ವಾಷರೂ ಕೆಲವೊಮ್ಮೆ ಕೆಲಸಕ್ಕೆ ಬಾರದು.

ಇನ್ನೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಕತ್ತಲೆಯಲ್ಲಿ ಹೊಳೆಯಲೆಂದು ಹಳೆಯ ಸೈನಿಕ ಯಂತ್ರಗಳ ಹಲವು ಮಾಪಕಗಳಿಗೆ ರೇಡಿಯಂ ಬೆರೆತ ಬಣ್ಣ ಬಳಿಯುತ್ತಿದ್ದರು. ಬಣ್ಣದ ಹೊಳಪು ಕೆಲವು ದಶಕಗಳಲ್ಲಿ ಅಳಿಯುವುದು; ರೇಡಿಯಮ್ಮಿನ ಅರ್ಧಾಯುಷ್ಯವಾದರೋ ಸುಮಾರು 1,600 ವರ್ಷ. ಮಂಕಾದ ಮಾಪಕ ನಿರಪಾಯವೆಂದು ತಿಳಿದು ಅದನ್ನು ಬಿಚ್ಚಿ ಕೆರೆಯುವುದು ದೊಡ್ಡ ತಪ್ಪು.

ಈಗ ನಮ್ಮ ವಾದದ ಮುಖ್ಯ ಭಾಗಕ್ಕೆ ಬರುತ್ತೇವೆ. ಮೂಲ ಭಾಗ ದೊರೆಯದಿದ್ದಾಗ ಏನು ಮಾಡತಕ್ಕದ್ದು? ಬದಲಿ ಭಾಗ ಹಾಕಿ ಓಡಿಸಬೇಕೆನ್ನುವವರು ಕೆಲವರು. ಓಡದಿದ್ದರೂ ಚಿಂತೆಯಿಲ್ಲ, ಮೂಲವನ್ನು ಮುಟ್ಟಬಾರದೆನ್ನುವವರು ಕೆಲವರು. ಇಂಗ್ಲೆಂಡಿನ ಬೋವಿಂಗ್‌ಟನ್ ಟ್ಯಾಂಕ್ ವಸ್ತುಸಂಗ್ರಹಾಲಯದ ‘ಟೈಗರ್ 131’ ಈ ಇಕ್ಕಟ್ಟಿಗೆ ಒಳ್ಳೆಯ ನಿದರ್ಶನ. 1943ರ ಏಪ್ರಿಲ್‌ನಲ್ಲಿ ಟ್ಯುನೀಸಿಯದಲ್ಲಿ ಬ್ರಿಟಿಷರ ಕೈಸೇರಿದ ಈ ಜರ್ಮನ್ ಟ್ಯಾಂಕಿನ ಮೂಲ ಎಂಜಿನನ್ನು, ಒಳಗಿನ ರಚನೆಯನ್ನು ತೋರಿಸಲೆಂದು ಸೀಳಲಾಗಿತ್ತು. 1990ರಲ್ಲಿ ಆರಂಭವಾದ ದುರಸ್ತಿ 2003ರಲ್ಲಿ ಮುಗಿಯುವ ಹೊತ್ತಿಗೆ, ಅದೇ ಸಂಗ್ರಹಾಲಯದ ಇನ್ನೊಂದು ಜರ್ಮನ್ ಟ್ಯಾಂಕಿನ ಎಂಜಿನನ್ನು ಅದಕ್ಕೆ ಅಳವಡಿಸಿದ್ದರು. ಮೂಲದ್ದು 21 ಲೀಟರಿನದು, ಬದಲಿಯದು 23 ಲೀಟರಿನದು; ಒಂದೇ ವಂಶದ ಅಣ್ಣತಮ್ಮಂದಿರು. ಟ್ಯಾಂಕು ಓಡಿತು. ಇದು ಮೋಸವೆ?

ಮೋಸವಲ್ಲವೆಂದೇ ನಮ್ಮ ಅಭಿಪ್ರಾಯ. ಏಕೆಂದರೆ ಬದಲಾವಣೆಯನ್ನು ಅವರು ಮರೆಮಾಚಲಿಲ್ಲ. ಎಲ್ಲರೂ ತಿಳಿಯುವಂತೆ ಹೇಳಿದರು. ನಾವು ಒಪ್ಪುವ ನಿಯಮಗಳು ಮೂರು. ತೆಗೆದ ಹಳೆಯ ಭಾಗ ಎಷ್ಟೇ ಕೆಟ್ಟಿರಲಿ, ಅದನ್ನು ಎಸೆಯಬಾರದು. ಹೊಸ ಭಾಗದ ಮೇಲೆ ಅದನ್ನು ಮಾಡಿದ ವರ್ಷವನ್ನು ಕೆತ್ತಬೇಕು. ಏನನ್ನು, ಏಕೆ, ಯಾವ ಲೋಹದಿಂದ ಬದಲಿಸಿದೆವೆಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಈ ಮೂರನ್ನೂ ಪಾಲಿಸಿದ ದುರಸ್ತಿ ವಿಜ್ಞಾನವಾಗುವುದು. ಪಾಲಿಸದಿದ್ದರೆ ಅದು ಬರಿಯ ಬಣ್ಣ ಹಚ್ಚುವ ಕೆಲಸ. ನಮ್ಮ ನಾಡಿನಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿದ ಪ್ರತಿಯೊಂದು ಟ್ಯಾಂಕಿಗೂ ಇಂಥದೊಂದು ಪುಸ್ತಕವಿರಬೇಕು. ಎಂಜಿನು ಒಳಗಿದೆಯೆ, ಇಲ್ಲವೆ, ಏನೇನು ತೆಗೆದಿದ್ದಾರೆ, ಇವನ್ನು ಇಂದು ಬರೆಯದಿದ್ದರೆ, ಅವನ್ನು ನಡೆಸಿದ, ಬಿಚ್ಚಿ ಜೋಡಿಸಿದ ನಿವೃತ್ತ ಸೈನಿಕರು ಇಲ್ಲವಾದ ಮೇಲೆ ಬರೆಯುವವರು ಯಾರು? ಕಬ್ಬಿಣವನ್ನು ಮತ್ತೆ ಎರಕ ಹೊಯ್ಯಬಹುದು. ಆ ಕೈಗಳ ತಿಳಿವಳಿಕೆಯನ್ನು ಹೊಯ್ಯುವ ಅಚ್ಚು ಎಲ್ಲಿಯೂ ಇಲ್ಲ.

ಟ್ಯಾಂಕು ನಮ್ಮ ಕೈಗೆ ಎಟುಕುವ ವಸ್ತುವೆ ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಎಟುಕದು ನಿಜ. ಆದರೆ ಅದೇ ದಿನ ಸಂಜೆ ಆ ಹುಡುಗರು ನಮ್ಮನ್ನು ಊರ ಹೊರಗಿನ ಒಂದು ಆಲೆಮನೆಗೆ ಕರೆದೊಯ್ದರು. ಕೊಪ್ಪರಿಗೆಯ ಆಚೆ ಮೂಲೆಯಲ್ಲಿ, ಒಂದು ಕಾಲದಲ್ಲಿ ಗಾಣ ತಿರುಗಿಸುತ್ತಿದ್ದ ಹಳೆಯ ಎಣ್ಣೆ ಎಂಜಿನೊಂದು ಬೂದಿ ಮುಚ್ಚಿಕೊಂಡು ಕುಳಿತಿದ್ದಿತು. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿ ಹೋಗಿದ್ದಾನೆಂದು ಯಜಮಾನರು ಹೇಳಿದರು. ಅದರ ಹಿತ್ತಾಳೆಯ ಫಲಕದ ಮೇಲಿನ ಸಂಖ್ಯೆ ಇನ್ನೂ ಓದುವಂತಿದ್ದಿತು. ಪ್ರಶ್ನೆ ಕೇಳಿದ ಹುಡುಗನು ಅಂಗಿಯ ತುದಿಯಿಂದ ಅದನ್ನು ಒರಸಿ, ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡನು. ಆ ಎಂಜಿನನ್ನು ಓಡಿಸಿದವರ ಹೆಸರನ್ನೂ ಯಜಮಾನರಿಂದ ಕೇಳಿ ಅದರ ಕೆಳಗೆ ಬರೆದನು. ಹುಡುಕಾಟ ಆರಂಭವಾಗಬೇಕಾದುದು ಹೀಗೆಯೇ.