ಹಳೆಯ ಲಾರಿಯ ಎಡಗಡೆ ಸೀಟು

ಹಳೆಯ ಲಾರಿಗಳಿಗೆ ಈಗ ಒಳ್ಳೆಯ ಕಾಲ. ರೀಲ್ಸ್‌ಗಳಲ್ಲಿ ಉದ್ದ ಮೂಗಿನ ಟಾಟಾ ಲಾರಿಗಳು ಹಳೆಯ ಹಾಡಿನ ಜೊತೆ ಘಾಟಿ ಹತ್ತುತ್ತವೆ. ಲಲಿತ ಪ್ರಬಂಧಗಳಲ್ಲಿ ಅವುಗಳ ಡೀಸೆಲ್ ವಾಸನೆ, ಹಾರನ್ನು, ಬಾಗಿಲ ಮೇಲಿನ ಹೂಬಳ್ಳಿ. ಇವನ್ನೆಲ್ಲ ಓದುವಾಗ ನನ್ನದೊಂದೇ ತಕರಾರು: ಈ ನೆನಪುಗಳೆಲ್ಲ ಎಡಗಡೆ ಸೀಟಿನಲ್ಲಿ ಕೂತು ಬಂದವರವು. ಸ್ಟೇರಿಂಗ್ ಹಿಡಿದವನು ಮೀಸೆ, ಬೀಡಿಗಳ ಚಿತ್ರವಾಗಿ ಬಂದು ಹೋಗುತ್ತಾನೆ, ಅಷ್ಟೇ.

ನಾವು ಮೆಚ್ಚುವ ಆ ಚೆಲುವು ಎಲ್ಲಿಂದ ಬಂತೆಂದು ನೋಡಿ. 1954ರಲ್ಲಿ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. 1969ರಲ್ಲಿ ಒಪ್ಪಂದ ಮುಗಿದ ಮೇಲೆ ಮೂಗಿನ ಮೇಲಿನ ಬೆಂಜ್ ನಕ್ಷತ್ರ ಹೋಗಿ ಟಾಟಾದ ‘ಟಿ’ ಬಂತು. ಆದರೆ ಎಷ್ಟೋ ಲಾರಿಗಳು ಕಾರ್ಖಾನೆಯಿಂದ ಹೊರಬೀಳುತ್ತಿದ್ದದ್ದು ಎಂಜಿನ್, ಚಾಸಿ, ಮುಂಭಾಗದ ತಗಡು ಇಷ್ಟರಲ್ಲೇ. ಕ್ಯಾಬಿನ್ನನ್ನು ಊರೂರಿನ ಬಾಡಿ ಕಟ್ಟುವವರು ಮರ, ತಗಡುಗಳಲ್ಲಿ ಕಟ್ಟಿಕೊಡುತ್ತಿದ್ದರು. ಬಣ್ಣ, ಬಳ್ಳಿ, ದೇವರ ಗೂಡು ಅವರ ಕೈಚಳಕ. ಹಲಗೆಯ ಮೇಲಿನ ತೆಳು ಮೆತ್ತೆಯೂ, ಗುದ್ದಿದರೆ ನಜ್ಜುಗುಜ್ಜಾಗುವ ಗೋಡೆಯೂ ಅದೇ ಶೆಡ್ಡಿನವು. ನಾವು ಬಳ್ಳಿಯನ್ನಷ್ಟೇ ನೆನೆಯುತ್ತೇವೆ.

ನನ್ನ ದೊಡ್ಡಪ್ಪ ಅಂಥ ಲಾರಿಯಲ್ಲಿ ಮಂಗಳೂರಿನ ಹೆಂಚು ತುಂಬಿಕೊಂಡು ಶಿರಾಡಿ ಹತ್ತಿ ಹಾಸನಕ್ಕೆ ಬರುತ್ತಿದ್ದರು, ಹಾಸನದಿಂದ ಆಲೂಗಡ್ಡೆ ಇಳಿಸುತ್ತಿದ್ದರು. ಪವರ್ ಸ್ಟೇರಿಂಗ್ ಇಲ್ಲ. ಗೇರು ಬದಲಿಸಲು ಪ್ರತಿಸಲ ಎರಡು ಬಾರಿ ಕ್ಲಚ್ ತುಳಿಯಬೇಕು. ಆ ಘಾಟಿಯ ತಿರುವುಗಳ ಲೆಕ್ಕ ಈಗ ಅವರ ಎಡ ಮೊಣಕಾಲಿನಲ್ಲಿದೆ. ನಾನೊಮ್ಮೆ ರೀಲ್ಸ್ ತೋರಿಸಿದಾಗ ಅವರು ಲಾರಿ ನೋಡಲಿಲ್ಲ, ಶಬ್ದ ಕೇಳಿ, “ಗೇರ್ ತಪ್ಪಾಗಿ ಹಾಕವ್ನೆ ಕಣೊ” ಎಂದರು. ಹಾಗಾದರೆ ಅವರಿಗೆ ಹಳಹಳಿಕೆ ಇಲ್ಲವೇ? ಇದೆ. “ಎಲ್ಲಿ ಕೆಟ್ರೂ ನಾನೇ ಬಿಚ್ಚಿ ಜೋಡಿಸ್ತಿದ್ದೆ. ಈಗಿನವು ಕೆಟ್ರೆ ಲ್ಯಾಪ್‌ಟಾಪ್ ಹಿಡ್ಕೊಂಡು ಬರೋನ್ಗೆ ಕಾಯ್ಬೇಕು” ಎನ್ನುತ್ತಾರೆ. ಅವರು ಕಳೆದುಕೊಂಡದ್ದು ತನ್ನ ಕಸುಬಿನ ಮೇಲಿನ ಯಜಮಾನಿಕೆ. ನಮ್ಮ ಬರಹಗಳು ಅಳುವುದು ಬಣ್ಣಕ್ಕೆ.

‘ನೆನಪಿಗೂ ಲೆಕ್ಕಪತ್ರ ಬೇಕೆ? ಮಗುವಾಗಿ ಕಂಡದ್ದನ್ನು ಬರೆದರೆ ತಪ್ಪೇನು?’ ಎಂದು ಗೆಳೆಯರು ಕೇಳುತ್ತಾರೆ. ತಪ್ಪಿಲ್ಲ. ಆದರೆ ಒಂದು ಬಗೆಯ ನೆನಪು ಮಾತ್ರ ಮತ್ತೆ ಮತ್ತೆ ಅಚ್ಚಾದಾಗ ಅದೇ ಚರಿತ್ರೆಯಾಗಿಬಿಡುತ್ತದೆ. ಪಿಎಚ್.ಡಿ.ಗೆಂದು ನಾನು ದುಡಿಯುವವರ ಆತ್ಮಕಥನಗಳನ್ನು ಓದುತ್ತಿದ್ದೇನೆ. ನನ್ನ ಮೇಜಿನ ಮೇಲಿನ ರಾಶಿಯಲ್ಲಿ ಲಾರಿ ಚಾಲಕರು ಬರೆದದ್ದು ಒಂದೂ ಇಲ್ಲ. ರಾತ್ರಿಯೆಲ್ಲ ಓಡಿಸಿ ಹಗಲು ಲಾರಿಯ ಅಡಿಯಲ್ಲಿ ಮಲಗಿದವನಿಗೆ ಬರೆಯಲು ಹೊತ್ತೆಲ್ಲಿತ್ತು? ಅವನ ಪರವಾಗಿ ಬರೆಯುವ ನಾವು ಕನಿಷ್ಠ ಅವನನ್ನು ಕೇಳಬಹುದಲ್ಲ.

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. ಚಾಲಕರ ದುಡಿಮೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ 1961ರಲ್ಲೇ ಹೇಳಿತು. ಹೊಸ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಲು 2025 ಬರಬೇಕಾಯಿತು. ಸೆಕೆಯೂ ದಣಿವೂ ಕಸುಬಿನ ಸೊಬಗೆಂದು ನಾವು ಹಾಡಿಕೊಂಡಿದ್ದರೆ, ಅವನ್ನು ತಗ್ಗಿಸಬೇಕೆಂದು ಯಾರಿಗಾದರೂ ಏಕೆ ಅನಿಸಬೇಕು?

ಆದ್ದರಿಂದ ಹಳೆಯ ಲಾರಿಯ ಬಗ್ಗೆ ಬರೆಯಹೊರಟವರಿಗೆ ನನ್ನ ಕೋರಿಕೆ ಇಷ್ಟು: ಬರೆಯಿರಿ, ಹೂಬಳ್ಳಿಯನ್ನೂ ಬಿಡಬೇಡಿ. ಆ ಟ್ರಿಪ್ಪಿಗೆ ಅವನಿಗೆ ಬತ್ತೆ ಎಷ್ಟು ಸಿಕ್ಕಿತು, ಎಷ್ಟು ಹೊತ್ತು ನಿದ್ದೆಯಾಯಿತು, ಲೋಡು ಕಡಿಮೆ ಬಂದರೆ ಯಾರ ಸಂಬಳದಲ್ಲಿ ಮುರಿದುಕೊಂಡರು ಎಂದು ವಿಚಾರಿಸಿ ಬರೆಯಿರಿ. ಆ ಚಾಲಕರಲ್ಲಿ ಅನೇಕರು ಇನ್ನೂ ಬದುಕಿದ್ದಾರೆ, ಕೇಳಿದರೆ ಹೇಳುತ್ತಾರೆ.