ಎತ್ತಿಗೆ ಜ್ವರ, ಎಮ್ಮೆಗೆ ಬರೆ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ರೂಲು

ಹೋದ ತಿಂಗಳು ನಮ್ಮಾಫೀಸಿನಲ್ಲಿ ಒಬ್ಬರಿಗೆ ಮೆಮೋ ಕೊಟ್ಟರು. ಅಕೌಂಟ್ಸ್ ಸೆಕ್ಷನ್ನಿನ ಹಿರಿಯ ಮೇಡಂ, ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದೆ. ಮಾಡಿದ ಅಪರಾಧ ಏನಪ್ಪಾ ಅಂದರೆ, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಬೋರ್ಡ್ ಅಡಿಯಲ್ಲಿ ಇಟ್ಟಿದ್ದು. ಆಡಿಟ್‌ಗೆ ಬಂದವರು ಕೀಬೋರ್ಡ್ ಎತ್ತಿದರು, ಚೀಟಿ ಸಿಕ್ಕಿತು, ಫೋಟೋ ತೆಗೆದರು. ಮೇಡಂ ನನ್ನ ಹತ್ತಿರ ಬಂದು ಕೇಳಿದ್ದು ಇಷ್ಟೇ: "ಏನಪ್ಪಾ, ನಲವತ್ತೆರಡು ದಿನಕ್ಕೊಂದು ಸಲ ಬದಲಾಯಿಸಿ ಅಂತೀರಿ, ಹಳೇದು ಯಾವುದೂ ನಡೆಯಲ್ಲ ಅಂತೀರಿ. ಬರೆದಿಟ್ಟುಕೊಳ್ಳದೆ ನಾನೇನು ಮಾಡ್ಲಿ, ನೀನೇ ಹೇಳು?"

ನಾನೇನೂ ಹೇಳಲಿಲ್ಲ. ಯಾಕೆಂದರೆ ಆ ರೂಲು ಹಾಕಿದವನು ನಾನೇ. ನಿಜ ಹೇಳಬೇಕೆಂದರೆ ಹಾಕಿದ್ದೂ ಅಲ್ಲ, ಸರ್ವರ್ ಜೊತೆ ಹೇಗೆ ಬಂತೋ ಹಾಗೇ ಬಿಟ್ಟಿದ್ದು. ಕನಿಷ್ಠ 7 ಅಕ್ಷರ, 42 ದಿನಕ್ಕೆ ಅವಧಿ ಮುಕ್ತಾಯ, ಹಿಂದಿನ 24 ಪಾಸ್‌ವರ್ಡ್‌ಗಳಿಗೆ ನಿಷೇಧ. ಇದು ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿಯ ಡೀಫಾಲ್ಟ್. ನಮ್ಮ ಆಫೀಸಿಗೆ ಏನು ಬೇಕು ಅಂತ ಯೋಚಿಸಿ ಯಾರೂ ಬರೆದದ್ದಲ್ಲ. (ಪ್ರವೇಶಪದ ಅಂತ ಬರೆಯೋಣ ಅಂದುಕೊಂಡೆ. ಆದರೆ ಮೆಮೋದಲ್ಲೂ ಪಾಸ್‌ವರ್ಡ್ ಅಂತಲೇ ಇತ್ತು, ಇಲ್ಲೂ ಹಾಗೇ ಇರಲಿ.)

ಈಗ ಅದೇ ಸರ್ವರಿನ ಇನ್ನೊಂದು ಮುಖ ನೋಡಿ. ಡೇಟಾಬೇಸ್ ಓಡಿಸುವ ಒಂದು ಸರ್ವೀಸ್ ಅಕೌಂಟ್ ಇದೆ. ಅದರ ಪಾಸ್‌ವರ್ಡ್ ಕಂಪನಿಯ ಹೆಸರು, ಮುಂದೆ ಒಂದು ಇಸವಿ. ಇಟ್ಟಿದ್ದು 2014ರಲ್ಲಿ. 'ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್' ಅಂತ ಟಿಕ್ ಹಾಕಿದೆ. ಸಾಲದ್ದಕ್ಕೆ, ಯಾವುದೋ ಕಾಲದಲ್ಲಿ ಯಾವುದೋ ವೆಂಡರ್ ಕೇಳಿದ ಅಂತ ಡೊಮೇನ್ ಅಡ್ಮಿನ್ ಅಧಿಕಾರವನ್ನೂ ಕೊಟ್ಟಿದೆ. ಅಂದರೆ ಇಡೀ ನೆಟ್‌ವರ್ಕಿನ ಬೀಗದ ಕೈ. ಆಡಿಟ್‌ನವರು ಅದನ್ನು ಹಿಡಿಯಲಿಲ್ಲ. ಸರ್ವೀಸ್ ಅಕೌಂಟಿಗೆ ಎತ್ತಿ ನೋಡಲು ಕೀಬೋರ್ಡ್ ಇಲ್ಲವಲ್ಲ :-)

"ಎಲ್ಲರಿಗೂ ಒಂದೇ ರೂಲು, ಅದೇ ನ್ಯಾಯ" ಅನ್ನುವವರ ಮೇಲೆ ನನ್ನ ತಕರಾರು ಇಲ್ಲೇ. ಕೊಟ್ಟಿಗೆಗೂ ತಿಜೋರಿಗೂ ಒಂದೇ ಬೀಗ ಹಾಕುವುದು ಸಮಾನತೆಯಲ್ಲ ಸ್ವಾಮಿ, ಸೋಮಾರಿತನ.

ಒಂದು ಕಾಲದಲ್ಲಿ ಇದಕ್ಕೆ ಕಾರಣ ಇತ್ತು, ಒಪ್ಪುತ್ತೇನೆ. ವಿಂಡೋಸ್ 2000, 2003ರ ಕಾಲದಲ್ಲಿ ಒಂದು ಡೊಮೇನಿಗೆ ಒಂದೇ ಪಾಸ್‌ವರ್ಡ್ ಪಾಲಿಸಿ. ಇನ್ನೊಂದು ಬೇಕಾದರೆ ಇನ್ನೊಂದು ಡೊಮೇನೇ ಕಟ್ಟಬೇಕಿತ್ತು. (ಓಯು ಮೇಲೆ ಗ್ರೂಪ್ ಪಾಲಿಸಿ ಹಾಕಿದರೆ ಸಾಕು ಅಂತ ಈಗಲೂ ಹೇಳುವವರಿದ್ದಾರೆ. ಅದು ಆ ಓಯುನಲ್ಲಿರುವ ಕಂಪ್ಯೂಟರುಗಳ ಲೋಕಲ್ ಅಕೌಂಟಿಗೆ ಮಾತ್ರ ತಾಗುತ್ತದೆ, ಡೊಮೇನ್ ಅಕೌಂಟಿಗಲ್ಲ.) ವಿಂಡೋಸ್ ಸರ್ವರ್ 2008ರಲ್ಲಿ ಫೈನ್ ಗ್ರೇನ್ಡ್ ಪಾಸ್‌ವರ್ಡ್ ಪಾಲಿಸಿ ಬಂತು. ಬೇರೆ ಬೇರೆ ರೂಲುಗಳನ್ನು ಬರೆದು, ಒಂದೊಂದನ್ನು ಒಂದೊಂದು ಗ್ರೂಪಿಗೆ, ಬೇಕಾದರೆ ಒಬ್ಬನೇ ಬಳಕೆದಾರನಿಗೆ ಕಟ್ಟಬಹುದು. ಮೊದಮೊದಲು ಎಡಿಎಸ್‌ಐ ಎಡಿಟ್ ತೆರೆದು ಒಂದೊಂದೇ ಬೆಲೆ ತುಂಬುವ ಕರ್ಮ. 2012ರ ಆವೃತ್ತಿಯಿಂದ ಕ್ಲಿಕ್ ಮಾಡಿ ಮಾಡಬಹುದು. ಹತ್ತು ನಿಮಿಷದ ಕೆಲಸ. ಸೌಲಭ್ಯ ಇಲ್ಲ ಅನ್ನುವ ನೆಪ ಮುಗಿದು ವರ್ಷಗಳೇ ಆದವು.

ಇನ್ನು ಆ 42 ದಿನ. ಅಮೆರಿಕದ ಎನ್‌ಐಎಸ್‌ಟಿ 2004ರಲ್ಲಿ ತಂದ ಕೈಪಿಡಿಯ ಪಾಸ್‌ವರ್ಡ್ ಭಾಗ ಬರೆದ ಬಿಲ್ ಬರ್ 2017ರಲ್ಲಿ, ಆಗ ಬರೆದದ್ದರಲ್ಲಿ ಬಹಳಷ್ಟಕ್ಕೆ ಈಗ ಪಶ್ಚಾತ್ತಾಪವಿದೆ ಅಂತ ಪತ್ರಿಕೆಯೊಂದಕ್ಕೆ ಹೇಳಿಕೊಂಡರು. ಅದಕ್ಕೂ ಮುಂಚೆ, 2010ರಲ್ಲಿ, ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿ ತೋರಿಸಿದ್ದರು: ಹಳೆಯ ಪಾಸ್‌ವರ್ಡ್ ಗೊತ್ತಿದ್ದರೆ 17 ಶೇಕಡಾ ಅಕೌಂಟುಗಳ ಹೊಸ ಪಾಸ್‌ವರ್ಡನ್ನು ಐದಕ್ಕಿಂತ ಕಡಿಮೆ ಊಹೆಯಲ್ಲಿ ಹಿಡಿಯಬಹುದು. ಯಾಕೆ ಅಂತ ಹೇಳಬೇಕೇ? ಕೊನೆಯ 1 ಇದ್ದದ್ದು 2 ಆಗಿರುತ್ತದೆ. ನಾನೂ ಅದನ್ನೇ ಮಾಡುವುದು, ನೀವೂ ಅದನ್ನೇ ಮಾಡುವುದು. ಎನ್‌ಐಎಸ್‌ಟಿ 2017ರಲ್ಲೇ ಸುಮ್ಮಸುಮ್ಮನೆ ಬದಲಾಯಿಸಲು ಹೇಳಬೇಡಿ ಅಂದಿತು, 2025ರಲ್ಲಿ ಹೇಳಲೇಕೂಡದು ಅಂತ ಬಿಗಿ ಮಾಡಿತು. ಸೋರಿಕೆಯಾದ ಸುಳಿವು ಸಿಕ್ಕರೆ ಮಾತ್ರ ಬದಲಾಯಿಸಿ. ಮೈಕ್ರೋಸಾಫ್ಟೂ 2019ರಲ್ಲಿ ತನ್ನ ಭದ್ರತಾ ಶಿಫಾರಸಿನಿಂದ ಅವಧಿ ಮುಕ್ತಾಯವನ್ನು ಕೈಬಿಟ್ಟಿತು. ಆಡಿಟ್‌ನವರ ಪಟ್ಟಿ ಮಾತ್ರ ಇನ್ನೂ ಹಳೆಯ ಪಂಚಾಂಗವನ್ನೇ ಓದುತ್ತಿದೆ.

ಹಾಗಾದರೆ ಬಿಗಿ ಎಲ್ಲಿರಬೇಕು? ಆ ಸರ್ವೀಸ್ ಅಕೌಂಟಿನಲ್ಲಿ. ಕರ್ಬರೋಸ್ಟಿಂಗ್ ಅನ್ನುವ ದಾಳಿ ಇದೆ. ಡೊಮೇನಿನ ಯಾವ ಸಾಮಾನ್ಯ ಬಳಕೆದಾರ ಬೇಕಾದರೂ ಇಂಥ ಸರ್ವೀಸಿಗೊಂದು ಟಿಕೆಟ್ ಕೇಳಬಹುದು. ಆ ಟಿಕೆಟ್ ಸರ್ವೀಸ್ ಅಕೌಂಟಿನ ಪಾಸ್‌ವರ್ಡಿನಿಂದ ಹುಟ್ಟಿದ ಕೀಲಿಯಲ್ಲೇ ಮುಚ್ಚಿರುತ್ತದೆ. ಕಳ್ಳ ಅದನ್ನು ತನ್ನ ಮಶೀನಿಗೆ ಒಯ್ದು, ಕೂತು, ಸಾವಧಾನವಾಗಿ ಊಹೆ ಮಾಡಬಹುದು. ಐದು ಸಲ ತಪ್ಪಿದರೆ ಲಾಕ್ ಅನ್ನುವುದು ಇಲ್ಲಿ ಕೆಲಸಕ್ಕೆ ಬಾರದು, ಊಹೆ ನಡೆಯುತ್ತಿರುವುದು ನಮ್ಮ ಸರ್ವರಿನಲ್ಲಲ್ಲ. ಕಾಪಾಡುವುದು ಪಾಸ್‌ವರ್ಡಿನ ಉದ್ದ ಮತ್ತು ಅದನ್ನು ಊಹಿಸಲಾಗದಿರುವುದು. ಅಂಥಾ ಅಕೌಂಟಿಗೆ 25 ಅಕ್ಷರದ ರೂಲು ಹಾಕಬೇಕು. ಆ ಅಕ್ಷರಗಳನ್ನು ಯಾವ ಮನುಷ್ಯನೂ ನೆನಪಿಡಬೇಕಾಗಿಲ್ಲ. ಮೇಡಂಗೆ? ಉದ್ದದ ಒಂದು ವಾಕ್ಯ, ಜೊತೆಗೆ ಮೊಬೈಲಿನಲ್ಲಿ ಇನ್ನೊಂದು ದೃಢೀಕರಣ, ಅವಧಿ ಇಲ್ಲ. ಅಂದಹಾಗೆ, ವಿಂಡೋಸಿನ ಕಾಂಪ್ಲೆಕ್ಸಿಟಿ ರೂಲಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಬಿಟ್ಟು ಐದನೆಯದೊಂದು ಗುಂಪಿದೆ: ದೊಡ್ಡದು ಸಣ್ಣದು ಅನ್ನುವ ಭೇದವೇ ಇಲ್ಲದ ಯುನಿಕೋಡ್ ಅಕ್ಷರ. ನಮ್ಮ ಕನ್ನಡದ ಅಕ್ಷರಗಳು ಬರುವುದು ಅದರಲ್ಲಿ. ಬ್ಲಾಗಿಗರಿಗೆ ಖುಷಿಯಾಗಲಿ ಅಂತ ಹೇಳಿದೆ. ಲಾಗಿನ್ ಪರದೆಯಲ್ಲಿ ಕನ್ನಡ ಕೀಲಿಮಣೆ ಸಿಗದೆ ಸಿಕ್ಕಿಹಾಕಿಕೊಂಡರೆ ನನ್ನನ್ನು ಬೈಯಬೇಡಿ.

ಈಗ ನನ್ನದೇ ತಪ್ಪಿಗೆ ಬರುತ್ತೇನೆ. ಬೇರೆ ಬೇರೆ ರೂಲು ಮಾಡುವ ಸೌಲಭ್ಯವನ್ನು ನಾನು ಒಮ್ಮೆ ಬಳಸಿದ್ದೇನೆ, ನಮ್ಮ ಡೈರೆಕ್ಟರ್ ಸಾಹೇಬರಿಗೆ. "ಇದೆಲ್ಲ ತಲೆನೋವು ನನಗೆ ಬೇಡ ಕಣಯ್ಯಾ" ಅಂದರು. ಆರು ಅಕ್ಷರ ಸಾಕು, ಕಾಂಪ್ಲೆಕ್ಸಿಟಿ ಬೇಡ, ಅವಧಿ ಬೇಡ ಅಂತ ಅವರೊಬ್ಬರ ಹೆಸರಿಗೇ ಒಂದು ಪಾಲಿಸಿ ಕಟ್ಟಿಕೊಟ್ಟೆ. ಸಂಬಳದ ಪಟ್ಟಿ, ಟೆಂಡರ್ ದರ, ಎಲ್ಲಾ ಇರುವುದು ಅವರ ಅಕೌಂಟಿನಲ್ಲೇ. ಅಪಾಯ ನೋಡಿ ಮಾಡಬೇಕಾದ ಭೇದವನ್ನು ಕುರ್ಚಿ ನೋಡಿ ಮಾಡಿದೆ. ಮೆಮೋ ನನಗೆ ಬರಬೇಕಿತ್ತು.

ಹೋದ ವಾರ ಹೊಸ ಪಟ್ಟಿ ಬರೆದೆ. ಸರ್ವೀಸ್ ಅಕೌಂಟುಗಳಿಗೊಂದು, ನಮ್ಮಂಥ ಅಡ್ಮಿನ್‌ಗಳಿಗೊಂದು, ಸೂಕ್ಷ್ಮ ಫೈಲು ನೋಡುವವರಿಗೊಂದು, ಉಳಿದವರಿಗೊಂದು. ಸಾಹೇಬರನ್ನು ಮೂರನೆಯದಕ್ಕೆ ಸೇರಿಸಿದೆ. ಸೇರಿಸಿ ನೋಡಿದರೆ ಏನೂ ಬದಲಾಗಲಿಲ್ಲ. ಗ್ರೂಪಿನ ಮೂಲಕ ಎಷ್ಟೇ ಬಿಗಿಯಾದ ಪಾಲಿಸಿ ಬರಲಿ, ಬಳಕೆದಾರನ ಹೆಸರಿಗೆ ನೇರವಾಗಿ ಕಟ್ಟಿದ್ದು ಇದ್ದರೆ ಅದೇ ಗೆಲ್ಲುತ್ತದೆ. ನಾನು ಕಟ್ಟಿದ ಗಂಟನ್ನು ನಾನೇ ಬಿಚ್ಚಬೇಕು, ಅದಕ್ಕೆ ಸಾಹೇಬರ ಸಹಿ ಬೇಕು. ಕಾಗದ ಅವರ ಟೇಬಲ್ ಮೇಲಿದೆ. ಮೇಡಂಗೆ ಕೊಟ್ಟ ಮೆಮೋ ವಾಪಸ್ ತೆಗೆದುಕೊಳ್ಳಿ ಅಂತ ಅದರ ಕೆಳಗೇ ಇನ್ನೊಂದು ಸಾಲು ಬರೆದಿದ್ದೇನೆ.